ನನ್ನ ಕಾದಂಬರಿ ಹೊತ್ತವರು

ಕಾದಂಬರಿ ಬರೆದು ತಾನೇ ಅಚ್ಚು ಹಾಕಿಸಿದವನಿಗೆ ಒಂದು ಕಡೆ ಸುಮ್ಮನೆ ಕೂಡುವ ಯೋಗವಿಲ್ಲ. ನಾನು ಯಾವ ಊರಿಗೆ ಹೋದರೂ ನನ್ನ ಪುಸ್ತಕದ ಫಜೀತಿಯೊಂದು ನನಗಿಂತ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿರುತ್ತದೆ.

ನಾನು ಸಾಲಿ ಕಲಿತವನಲ್ಲ. ಗೋಕಾಕದ ಕಡೆ ಗಿರಣಿಯಲ್ಲಿ ನೂಲಿನ ಗಂಟುಗಳಿಗೆ ಅಂಟಿಸಿದ ಚೀಟಿ ಓದುತ್ತ ಅಕ್ಷರ ಕಲಿತೆ. ಕಲಿತ ಅಕ್ಷರದಿಂದ ಭಾಷಣ ಮಾಡಿದೆ. ಭಾಷಣದಿಂದ ಗಿರಣಿಯ ಹೊರಗೆ ಬಿದ್ದೆ. ನನ್ನ ಸಿಟ್ಟೆಲ್ಲ ಬಿಟ್ಟಿಯ ಮೇಲೆ. ಧಣಿಗಳು ಬಡವನ ತಲೆಯ ಮೇಲೆ ಗಂಟು ಹೊರಿಸಿ ಹತ್ತೂರು ತಿರುಗಿಸುತ್ತಾರೆ, ಕೂಲಿ ಕೊಡುವುದಿಲ್ಲ. ಇದಕ್ಕೆ ಬಿಟ್ಟಿ ಎಂದು ಹೆಸರು. ಭಾಷಣ ಮಾಡಿದರೆ ಪೊಲೀಸರು ಜನರನ್ನು ಚದುರಿಸುತ್ತಿದ್ದರು. ಪುಸ್ತಕವನ್ನು ಲಾಠಿಯಿಂದ ಚದುರಿಸಲಾಗದು ಎಂದು ಕಾದಂಬರಿ ಬರೆದೆ. ಒಬ್ಬ ಮುದುಕ ಧಣಿಯ ಗಂಟು ಹೊತ್ತು ದಾರಿಯಲ್ಲೇ ಸಾಯುತ್ತಾನೆ. ಅವನ ಮಗ ಅದೇ ಗಂಟನ್ನು ನಡುದಾರಿಯಲ್ಲಿ ಇಳಿಸಿ ಮನೆಗೆ ನಡೆದುಬಿಡುತ್ತಾನೆ. ಇಷ್ಟೇ ಕಥೆ. ಇದನ್ನು ಓದಿ ಒಬ್ಬನಾದರೂ, ಒಂದೇ ಸಲವಾದರೂ, ‘ಒಲ್ಲೆ’ ಅನ್ನಬೇಕು. ನನಗೆ ಬೇಕಾದದ್ದು ಅಷ್ಟೇ, ಹೊಗಳಿಕೆಯಲ್ಲ.

ಪುಸ್ತಕದಂಗಡಿಯವರು ಯಾರೂ ಅದನ್ನು ಮುಟ್ಟಲಿಲ್ಲ. ಆದ್ದರಿಂದ ನಾನೇ ಪ್ರಕಾಶಕನಾದೆ.

೧. ಹೂವಿನ ಅಂಚು

ಗೋಕಾಕದಲ್ಲಿ ನನಗೆ ಸಿಕ್ಕ ಮುದ್ರಕ ಲಗ್ನಪತ್ರಿಕೆ ಬಿಟ್ಟರೆ ಬೇರೇನೂ ಅಚ್ಚು ಹಾಕಿದವನಲ್ಲ. ಮೊದಲ ಪ್ರತಿ ಕೈಗೆ ಬಂತು. ಮುದುಕ ಸಾಯುವ ಪುಟ ತೆರೆದೆ. ಸುತ್ತಲೂ ಮಲ್ಲಿಗೆ ಬಳ್ಳಿಯ ಅಂಚು. ಮೇಲೆ ಎರಡು ಬದಿಗೆ ಇಬ್ಬರು ಸನಾದಿ ಊದುತ್ತಿದ್ದಾರೆ.

“ಇದೇನ್ರಿ ಮಾಡೀರಿ? ಮನಿಶ್ಯಾ ಸಾಯಾಕತ್ತಾನ ಇಲ್ಲೆ.”

ಅವನು ಕನ್ನಡಕ ಏರಿಸಿ ಪುಟ ನೋಡಿದ. “ಹೌದು, ಓದೀನಿ. ಪಾಪ, ಛಲೋ ಮನಿಶ್ಯಾ. ಅದಕ್ಕ ಹಾಕೀನಿ.”

“ಹೂವು, ಬಾಜಂತ್ರಿ?”

“ನಮ್ಮಲ್ಲಿ ಸತ್ತವ್ರನ್ನ ಕುಂಡ್ರಿಸಿ, ಹೂವು ಏರಿಸಿ, ಬಾಜಂತ್ರಿ ಮಾಡಿಸಿ ಕಳಸ್ತೀವ್ರಿ. ನಿಮ್ಮಲ್ಲಿ ಹಂಗ ಸುಮ್ನ ಒಗೀತೀರೇನು?”

ನಮ್ಮಲ್ಲೂ ಹಾಗೇ ಕಳಿಸುತ್ತಿದ್ದರು. ಪ್ರತಿಗಳನ್ನು ಕಟ್ಟಿಕೊಂಡು ಬಂದೆ. ನನ್ನ ಇಡೀ ಕಾದಂಬರಿಯಲ್ಲಿ ಯಾರೂ ಕೊಡದ ಮರ್ಯಾದೆಯನ್ನು ಆ ಮುದುಕನಿಗೆ ಕೊಟ್ಟವನು ಮುದ್ರಕನೊಬ್ಬನೇ.

೨. ಅಕ್ಕನ ತಕರಾರು

ಅಂಕಲಗಿಯಲ್ಲಿ ನಮ್ಮಕ್ಕ ಇದ್ದಳು. ಓದು ಬರದು. ಅವಳು ಜೋಳ ಹಸನ ಮಾಡುತ್ತ ಕೂತಾಗ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲು ಓದುವಾಗ ನನ್ನ ಧ್ವನಿಯೇ ನಡುಗಿತು. ಅವಳು ಮೊರ ಕೆಳಗಿಟ್ಟಳು.

“ಇಷ್ಟ ಮಂದಿ ಅದಾರ. ಒಬ್ಬರೂ ಉಂಡಿಲ್ಲಲ್ಲೋ.”

“ಏನು?”

“ಮುಂಜಾನಿಂದ ಓದಾಕತ್ತಿ. ಬೈತಾರ, ಅಳ್ತಾರ, ನಡೀತಾರ. ಒಂದ ತುತ್ತು ಯಾರ ಬಾಯಾಗೂ ಹೋಗಿಲ್ಲ. ಹಸದ ಮಂದಿಗೆ ಸಿಟ್ಟು ಬರದ ಏನ್ ಬರ್ತೈತಿ?”

ಇದು ಅನ್ಯಾಯದ ಸಿಟ್ಟು, ಹೊಟ್ಟೆಯದಲ್ಲ ಎಂದು ನಾನು ಕೂಗಾಡಿದೆ. ಅಕ್ಕ ಎದ್ದು ಒಳಗೆ ಹೋಗಿ ನನಗೆ ತಾಟು ಹಾಕಿದಳು. ಉಂಡ ಮೇಲೆ ಮತ್ತೆ ಕೂಗಾಡಬೇಕೆಂದಿದ್ದೆ. ನಿದ್ದೆ ಬಂತು.

೩. ಅರ್ಥ ಹೇಳುವವರು

ಬರಿ ಪೇಟೆಯಲ್ಲ, ಕೇಳುವ ಜನರ ಊರು ಎಂದು ಮೂಡಲಗಿಯ ಬಗ್ಗೆ ನನಗೆ ಭಾರೀ ಆಸೆ. ಅಲ್ಲಿ ಮಠದ ಪಡಸಾಲೆಯಲ್ಲಿ ಸಂಜೆ ಪುರಾಣ ನಡೆಯುತ್ತಿತ್ತು. ಒಬ್ಬ ಓದುತ್ತಾನೆ, ಇನ್ನೊಬ್ಬ ಹಿರಿಯರು ಅರ್ಥ ಹೇಳುತ್ತಾರೆ. ನನ್ನ ಕಾದಂಬರಿಯನ್ನೂ ಅಲ್ಲಿ ಓದುತ್ತಿದ್ದಾರೆ ಎಂಬ ಸುದ್ದಿ ಕೇಳಿ ಓಡಿದೆ. ಪಡಸಾಲೆ ತುಂಬಿತ್ತು. ಪುಸ್ತಕಕ್ಕೆ ವಿಭೂತಿ ಹಚ್ಚಿ ಮಣೆಯ ಮೇಲೆ ಇಟ್ಟಿದ್ದರು. ಧಣಿ ಮುದುಕನ ಬೆನ್ನಿಗೆ ಒದೆಯುವ ಭಾಗ ಬಂತು. ಇನ್ನೇನು ಜನ ಎದ್ದೇಳುತ್ತಾರೆ ಎಂದು ಕಾದೆ.

ಅರ್ಥ ಹೇಳುವ ಹಿರಿಯರು ಕಣ್ಣು ಮುಚ್ಚಿದರು. “ಧಣಿ ಅಂದ್ರ ಯಾರು? ಮನಸ್ಸು. ಮುದುಕ ಅಂದ್ರ ಜೀವಾತ್ಮ. ತಲಿಮ್ಯಾಲಿನ ಗಂಟು ಹಿಂದಿನ ಜನ್ಮದ ಕರ್ಮ. ಒದಿಕಿ ಅಂದ್ರ ಗುರುವಿನ ಕೃಪಾ.”

ಜನ ತಲೆದೂಗಿದರು. ನಾನು ತಡೆಯಲಾರದೆ ಎದ್ದು ನಿಂತೆ.

“ಅಲ್ರಿ ಅಜ್ಜಾರ. ಧಣಿ ಅಂದ್ರ ಧಣಿ. ಒದಿಕಿ ಅಂದ್ರ ಒದಿಕಿ.”

“ತಾವು ಯಾರು?”

“ಇದನ್ನ ಬರದಾಂವ.”

ಅವರು ಬಹಳ ಕನಿಕರದಿಂದ ನನ್ನನ್ನು ನೋಡಿದರು. “ಬರದಾವ್ರಿಗೆ ಅರ್ಥ ತಿಳಿಯೂದಿಲ್ಲಪಾ. ಅದಕ್ಕ ನಾವು ಇರೂದು. ಕುಂಡ್ರು.”

ಹಿಂದಿದ್ದವನೊಬ್ಬ ನನ್ನ ಧೋತರದ ಚುಂಗು ಹಿಡಿದು ಎಳೆದು ಕೂರಿಸಿದ. ಆರತಿಯ ಹೊತ್ತಿಗೆ ಎಲ್ಲರಿಗೂ ಸಕ್ಕರೆ ಹಂಚಿದರು. ನನಗೆ ಮಾತ್ರ ಎರಡು ಸಲ ಕೊಟ್ಟರು, ಮತ್ತೆ ಬಾಯಿ ತೆರೆಯದಿರಲಿ ಎಂದು.

೪. ಧಣಿಯ ಮೆಚ್ಚುಗೆ

ಪುಸ್ತಕದ ಧಣಿ ಯಾರು ಎಂದು ನಾನು ಮುಚ್ಚಿಡಲಿಲ್ಲ. ಹುಕ್ಕೇರಿ ಕಡೆಯ ಒಬ್ಬ ಧಣಿಯ ಮೀಸೆ, ಮೆಟ್ಟು, ಬೈಗುಳ, ನಶ್ಯದ ಡಬ್ಬಿ, ಎಲ್ಲವನ್ನೂ ಹಾಗೆಹಾಗೆಯೇ ಬರೆದಿದ್ದೆ. ಅವನಿಂದ ಕರೆ ಬಂತು. ಹೊಡೆತ ತಿನ್ನಲು ಸಿದ್ಧನಾಗಿ, ಹಳೆಯ ಅಂಗಿ ಹಾಕಿಕೊಂಡು ಹೋದೆ.

ಧಣಿ ಲೋಡಿಗೆ ಒರಗಿದ್ದ. ಒಬ್ಬ ಆಳು ಕಾಲು ಒತ್ತುತ್ತಿದ್ದ. “ಬರ್ರಿ ಬರ್ರಿ. ಚಹಾ ತರ್ರೋ. ಏನ್ ಬರದೀರ್ರಿ. ಆ ಹಲ್ಕಟ್ಟನ ಚರ್ಮ ಸುಲದೀರಿ.”

“ಯಾವ ಹಲ್ಕಟ್ಟ?”

“ಅಂವನ, ನದಿ ಆಚಿ ಊರಿನ ಧಣಿ. ನಂಗೂ ಅವಂಗೂ ಕೋರ್ಟಿನ್ಯಾಗ ನಡದೈತಿ. ಓದತ ಓದತ ನಕ್ಕು ಹೊಟ್ಟಿ ಹಿಡಕೊಂಡೆ.”

“ಅದು ಅವ್ರಲ್ರಿ. ನೀವು.”

ಧಣಿ ನಶ್ಯ ಏರಿಸುತ್ತಿದ್ದವನು ನಗು ತಡೆಯದೆ ಸೀನಿದ. “ಅಂಜಬ್ಯಾಡ್ರಿ. ಅವ ನಿಮ್ಮ ಕೂದಲಾನೂ ಕೊಂಕಸಾಂಗಿಲ್ಲ, ನಾ ಅದೀನಿ. ನಾನೆಲ್ಲಿ ಬಿಟ್ಟಿ ಮಾಡಸ್ತೀನಿ? ನಮ್ಮವ್ರು ಪ್ರೀತಿಯಿಂದ ಮಾಡ್ತಾರ.” ಕಾಲು ಒತ್ತುವವನ ಕಡೆ ತಿರುಗಿದ. “ಏನೋ, ನಿನಗ ಪಗಾರ ಬೇಕೇನೋ?”

“ಬ್ಯಾಡ್ರಿ ಧಣಿ.”

“ನೋಡ್ರಿ ಮತ್ತ.”

ನನ್ನ ಹತ್ತಿರ ಇದ್ದ ಪ್ರತಿಗಳನ್ನೆಲ್ಲ ಕೊಂಡ. ಸಂಕೇಶ್ವರದ ಬೀಗರ ಮನೆಗೆ ಒಂದು ಗಂಟು ಕಳಿಸಬೇಕು, ಅವರೂ ನಗಲಿ ಎಂದ. ಯಾರನ್ನು ಬೈದು ಬರೆದಿದ್ದೆನೋ ಅವನೇ ನನ್ನ ಅತಿ ದೊಡ್ಡ ಓದುಗನಾದ.

೫. ನಡುದಾರಿಯಲ್ಲಿ

ಕೆಲವು ದಿನಗಳ ನಂತರ ಸಂತೆಯಲ್ಲಿ ನಿಂತು ಮಾತಾಡಲೆಂದು ಸಂಕೇಶ್ವರಕ್ಕೆ ಹೊರಟಿದ್ದೆ. ಹಿರಣ್ಯಕೇಶಿ ಹೊಳೆ ಇನ್ನೂ ದೂರವಿತ್ತು. ಮುಂದೆ ಇಬ್ಬರು ಒಂದು ದೊಡ್ಡ ಗಂಟನ್ನು ಬದಲಿಸಿ ಬದಲಿಸಿ ಹೊತ್ತು ನಡೆದಿದ್ದರು. ಒಬ್ಬ ಆ ಕಾಲು ಒತ್ತುವವನೇ. ಇನ್ನೊಬ್ಬ ಅವನ ಅಣ್ಣ.

“ಏನ್ ಒಯ್ಯಾಕತ್ತೀರಿ?”

“ಪುಸ್ತಕರಿ. ಧಣ್ಯಾರ ಬೀಗರ ಮನಿಗೆ.”

“ಕೂಲಿ?”

ಇಬ್ಬರೂ ನಾನು ಹುಚ್ಚನೋ ಎಂಬಂತೆ ನೋಡಿದರು. “ಬಿಟ್ಟಿರಿ.”

ಬಿಟ್ಟಿಯ ವಿರುದ್ಧದ ಕಾದಂಬರಿ ಬಿಟ್ಟಿಯಲ್ಲೇ ಊರೂರು ತಿರುಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಬೇವಿನ ಗಿಡದ ಕೆಳಗೆ ಗಂಟು ಇಳಿಸಲು ಹೇಳಿ, ಒಂದು ಪ್ರತಿ ಎಳೆದು, ಮಗ ಗಂಟು ಇಳಿಸುವ ಅಧ್ಯಾಯ ಓದಿದೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕೇಳಿದರು. ಮುಗಿಯಿತು. ಅಣ್ಣ ಗಂಟಿನ ಕಡೆ ನೋಡಿದ.

“ಅಂವಾ ಇಳಿಸಿ ಮನಿಗೆ ಹೋದ್ನಾ?”

“ಹೋದ.”

“ಹಂಗಾದ್ರ ನಾವೂ ಹೊಕ್ಕೀವಿ.”

ಎದ್ದರು. ತಲೆಯ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನನ್ನ ಕಣ್ಣು ತುಂಬಿ ಬಂತು.

“ಧಣಿ ಕೇಳಿದ್ರ ನನ್ನ ಹೆಸರು ಹೇಳ್ರಿ. ನಾಳೆ ನಾನೂ ಬಂದು ನಿಮ್ಮ ಬಾಜೂ ನಿಂದರತೀನಿ.”

“ನಿಮ್ಮ ಹೆಸರು ಹೇಳೇ ಹೇಳ್ತೀವ್ರಿ,” ಎಂದ ತಮ್ಮ. ಕೈ ಬೀಸಿಕೊಂಡು ಇಬ್ಬರೂ ಹುಕ್ಕೇರಿ ಕಡೆ ನಡೆದುಹೋದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಇಷ್ಟು ವರ್ಷದ ಭಾಷಣದಲ್ಲಿ ಆಗದ್ದು ಆ ಗಿಡದ ಕೆಳಗೆ ಆಗಿತ್ತು.

ಆಮೇಲೆ ಮೋಡ ನೋಡಿದೆ. ಗಂಟು ನೋಡಿದೆ. ಬಿಟ್ಟುಹೋದರೆ ನನ್ನ ಕಾದಂಬರಿ ಮಳೆಯಲ್ಲಿ ನೆನೆದು ಹಿಟ್ಟಾಗುತ್ತದೆ. ಹೊತ್ತರೆ ಬಿಟ್ಟಿ. ಹೊಳೆಯ ಕಡೆಯಿಂದ ಹನಿ ಶುರುವಾಯಿತು. ಹೊತ್ತೆ.

ಸಂಕೇಶ್ವರ ಮುಟ್ಟುವಾಗ ನನ್ನ ಕುತ್ತಿಗೆ ಮರದ ಗೂಟದಂತೆ ಸೆಟೆದಿತ್ತು. ಗಂಟಲು ಒಣಗಿ ಮಾತು ಹೊರಡಲಿಲ್ಲ. ಬೀಗರು ತೂಗುಮಂಚದ ಮೇಲಿದ್ದರು. “ಬಾಗಲದಾಗ ನಿಂದರಬ್ಯಾಡೋ, ಮೂಲ್ಯಾಗ ಇಳಸು,” ಎಂದರು. ಇಳಿಸಿದೆ. ಅವರು ಒಂದು ಪ್ರತಿ ತೆಗೆದು, ಮುದುಕ ಗಂಟು ಹೊತ್ತು ನಡೆಯುವ ಪುಟವನ್ನು ಬಹಳ ಹೊತ್ತು ಓದಿದರು. ಮುಖ ಸಿಂಡರಿಸಿ ಪುಸ್ತಕ ಮುಚ್ಚಿದರು.

“ಎಲ್ಲಾ ಸುಳ್ಳು. ಬರದಾಂವ ಜನ್ಮದಾಗ ಒಂದ ಗಂಟು ಹೊತ್ತಾಂವ ಅಲ್ಲ. ಏನೋ, ನೀ ಹೇಳು, ನೀ ಹೊರಾಂವ. ನಾ ಹೇಳೂದು ಖರೆ ಹೌದಲ್ಲೋ?”

ಅಲ್ಲ ಎಂದು ಜೋರಾಗಿ ತಲೆ ಅಲ್ಲಾಡಿಸಲು ಹೋದೆ. ಸೆಟೆದ ಕುತ್ತಿಗೆ ಅಡ್ಡ ತಿರುಗಲಿಲ್ಲ. ಮೇಲೆ ಕೆಳಗೆ ಮಾತ್ರ ಆಡಿತು.