ಮೇಷ್ಟ್ರು ನಕ್ಕ ದಿನ

ತುಮಕೂರಿನಿಂದ ಗುಬ್ಬಿಗೆ ಹೋಗುವ ಎಂಟೂಕಾಲರ ಬಸ್ಸಿನಲ್ಲಿ ಮಲ್ಲಿಕಾರ್ಜುನ್ ಆ ಒಂದು ಮಾತು ಆಡದಿದ್ದರೆ ಅನಂತರಾಜು ಮೇಷ್ಟ್ರು ಆ ಗುರುವಾರ ನಗುತ್ತಿರಲಿಲ್ಲ. ಅವರು ನಗದಿದ್ದರೆ ಅಷ್ಟೆಲ್ಲ ರಾದ್ಧಾಂತವೂ ಆಗುತ್ತಿರಲಿಲ್ಲ. ಆದರೆ ಮಲ್ಲಿಕಾರ್ಜುನ್ ಕಿವಿಗೆ ಬಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿಯವರಲ್ಲ. ಮಲ್ಲಸಂದ್ರ ಬರುವ ಮೊದಲೇ ಹೇಳಿಬಿಟ್ಟರು.

"ಇವತ್ತು ಮೂರೂವರೆಗೆ ರಿಪೋರ್ಟು ಓದ್ತಾರಂತೆ ಸಾರ್. ಯಾರ ಪೀರಿಯಡ್‌ನಲ್ಲಿ ಮಕ್ಕಳಿಗೆ ಟೆನ್ಷನ್ ಜಾಸ್ತಿನೋ ಅವರ ಕೈಯಿಂದ ಹತ್ತನೇ ಕ್ಲಾಸು ತೆಗೀತಾರಂತೆ. ಹೆಡ್‌ಮಾಸ್ಟ್ರೇ ಅಂದಿದ್ದು."

ಇಬ್ಬರೂ ಗುಬ್ಬಿಯ ಒಂದು ಅನುದಾನಿತ ಪ್ರೌಢಶಾಲೆಯ ಮೇಷ್ಟ್ರುಗಳು. ಅನಂತರಾಜು ಗಣಿತಕ್ಕೆ, ಮಲ್ಲಿಕಾರ್ಜುನ್ ವಿಜ್ಞಾನಕ್ಕೆ. ರಿಪೋರ್ಟು ಬರೆದವಳು ಕುಣಿಗಲ್ಲಿನ ಹರ್ಷಿತಾ, ತುಮಕೂರಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಮಕ್ಕಳ ತಲೆಗೆ ಪಾಠ ಯಾವಾಗ ಹತ್ತುತ್ತದೆ, ಭಯ ಯಾವಾಗ ಹತ್ತುತ್ತದೆ, ಎರಡಕ್ಕೂ ಏನು ನಂಟು ಎಂಬುದು ಅವಳ ವಿಷಯ. ದಸರಾ ರಜೆ ಮುಗಿದ ಮೇಲೆ ಬಂದು ಹತ್ತನೇ ತರಗತಿಯ ನಲವತ್ತು ಮಕ್ಕಳ ಮಣಿಕಟ್ಟಿಗೂ ಒಂದೊಂದು ಬೂದು ಬಣ್ಣದ ಪಟ್ಟಿ ಕಟ್ಟಿದ್ದಳು. ಅದು ನಾಡಿ ಎಣಿಸುತ್ತದೆ, ಚರ್ಮ ಬೆವತರೆ ಬರೆದುಕೊಳ್ಳುತ್ತದೆ. ಶುಕ್ರವಾರ ಶುಕ್ರವಾರ ಒಂದು ಚಿಕ್ಕ ಪರೀಕ್ಷೆ. ಮೂರು ತಿಂಗಳ ನಾಡಿಯನ್ನೂ ಅಂಕಗಳನ್ನೂ ಕಂಪ್ಯೂಟರಿಗೆ ಹಾಕಿ ಅವಳು ಲೆಕ್ಕ ತೆಗೆದಿದ್ದಳು.

ಅನಂತರಾಜು ಕಿಟಕಿಯ ಕಂಬಿ ಹಿಡಿದುಕೊಂಡರು. ಇಪ್ಪತ್ತೆರಡು ವರ್ಷದಿಂದ ಅವರು ಹತ್ತನೇ ಕ್ಲಾಸಿನ ಲೆಕ್ಕದ ಮೇಷ್ಟ್ರು. ಎಂಟು, ಒಂಬತ್ತಕ್ಕೆ ಪಾಠ ಮಾಡುತ್ತಿದ್ದುದು ಟೈಂಟೇಬಲ್ಲಿನಲ್ಲಿದೆ ಎಂಬ ಕಾರಣಕ್ಕೆ. ಹತ್ತನೇ ಕ್ಲಾಸು ಮಾತ್ರ ಪ್ರಾಣ. ತಾನು ಫೇಲಾಗುವುದು ಖಂಡಿತ ಎಂದುಕೊಂಡ ಮಗುವೊಂದು ಫೆಬ್ರವರಿಯ ಯಾವುದೋ ಒಂದು ದಿನ ಲೆಕ್ಕ ಸರಿಯಾಗಿ ಬಿಡಿಸಿ, ನಂಬಿಕೆಯಾಗದೆ ತಲೆ ಎತ್ತಿ ನೋಡುತ್ತದಲ್ಲ, ಆ ಮುಖಕ್ಕಾಗಿ ಅವರು ದಿನಾ ಬಸ್ಸು ಹತ್ತುತ್ತಿದ್ದರು. ಅದಕ್ಕಿಂತ ದೊಡ್ಡ ಸಂತೋಷ ಅವರಿಗೆ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ.

ಆದರೆ ಒಂದು ಕೆಟ್ಟ ಅಭ್ಯಾಸವಿತ್ತು. ಪೀರಿಯಡ್ಡಿನ ಮೂರನೇ ಲೆಕ್ಕಕ್ಕೆ ಯಾರಾದರೊಬ್ಬರು ತಪ್ಪುತ್ತಿದ್ದರು. ಆಗ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ನಿನ್ ತಲೇಲಿರೋದು ಮಿದುಳಲ್ಲ, ಗಿಟುಕು. ಅಲ್ಲಾಡ್ಸಿದ್ರೆ ಲೊಡಲೊಡ ಅನ್ನುತ್ತೆ" ಎನ್ನುತ್ತಿದ್ದರು. ತೆಂಗಿನ ಸೀಮೆಯ ಮಕ್ಕಳು. ಚಿಪ್ಪಿನೊಳಗೆ ಒಣಗಿ ಕಳಚಿಕೊಂಡ ಇಡೀ ಕೊಬ್ಬರಿಗೆ ಗಿಟುಕು ಅನ್ನುತ್ತಾರೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ದಿನಕ್ಕೊಂದು ಗಿಟುಕು, ವರ್ಷಕ್ಕೆ ಇನ್ನೂರು ದಿನ, ಇಪ್ಪತ್ತೆರಡು ವರ್ಷ. ನಾಲ್ಕು ಸಾವಿರದ ನಾನೂರು ಗಿಟುಕು ಎಂದು ಬಸ್ಸಿನಲ್ಲೇ ಮನಸ್ಸಿನಲ್ಲಿ ಗುಣಿಸಿಕೊಂಡ ಮೇಷ್ಟ್ರಿಗೆ ತಾವೇ ಅಪರಾಧಿ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಮಲ್ಲಿಕಾರ್ಜುನ್ ಧೈರ್ಯ ಹೇಳಿದರು. ಇವತ್ತಿನ ನಾಡಿಯೂ ರಿಪೋರ್ಟಿಗೆ ಸೇರುತ್ತದೆ, ಒಂದು ದಿನವಾದರೂ ಸರಿಮಾಡಿಕೊಳ್ಳಿ, ನಗುತ್ತಾ ಒಳಗೆ ಹೋಗಿ, ಯಾರು ತಪ್ಪಿದರೂ ಬೆನ್ನು ತಟ್ಟಿ, ನನ್ನನ್ನು ನೋಡಿ, ಜೋಕು ಹೇಳದೆ ನಾನು ಪಾಠ ಶುರು ಮಾಡುವುದೇ ಇಲ್ಲ ಎಂದರು. ಗುಬ್ಬಿ ಬರುವವರೆಗೂ ಹೇಗೆ ನಗಬೇಕೆಂದು ತೋರಿಸಿಕೊಟ್ಟರು. ಎದುರು ಸೀಟಿನ ಹೆಂಗಸು ತನ್ನನ್ನು ನೋಡಿ ನಗುತ್ತಿದ್ದಾರೆಂದುಕೊಂಡು ಮಗುವನ್ನೆತ್ತಿಕೊಂಡು ಹಿಂದಕ್ಕೆ ಹೋದಳು.

ಎರಡನೇ ಪೀರಿಯಡ್ಡಿಗೆ ಅನಂತರಾಜು ನಗುತ್ತಾ ಒಳಗೆ ಕಾಲಿಟ್ಟರು. ಮುಖದ ಸ್ನಾಯುಗಳಿಗೆ ಅಭ್ಯಾಸವಿಲ್ಲದ ಕೆಲಸ. ಒಂದು ಕಡೆ ಮಾತ್ರ ಮೇಲೆದ್ದು ಹಲ್ಲುನೋವು ಬಂದವರ ಹಾಗೆ ಕಾಣುತ್ತಿತ್ತು. ನಲವತ್ತು ಮಕ್ಕಳೂ ಮಾತು ನಿಲ್ಲಿಸಿದರು. "ಕೂತ್ಕೊಳ್ಳಿ ಮಕ್ಕಳೇ" ಎಂದರು ಮೇಷ್ಟ್ರು. ಅವರು ಯಾವತ್ತೂ ಮಕ್ಕಳೇ ಎಂದವರಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನವಾಗಿ ಕೂತರು.

ವರ್ಗ ಸಮೀಕರಣದ ಮೂರನೇ ಲೆಕ್ಕಕ್ಕೆ ಅಂಬ್ರೀನ್ ಬೋರ್ಡಿಗೆ ಬಂದಳು. ಟೈಲರ್ ಹಬೀಬ್ ಸಾಬರ ಮಗಳು, ಚುರುಕು ಹುಡುಗಿ, ಮೈನಸ್ ಚಿಹ್ನೆ ಮಾತ್ರ ಅವಳ ಕೈಯಲ್ಲಿ ನಿಲ್ಲುವುದಿಲ್ಲ. ಅವತ್ತೂ ಬಿಟ್ಟಳು. ಬಿಟ್ಟಿದ್ದು ತಕ್ಷಣ ಅವಳಿಗೇ ಗೊತ್ತಾಯಿತು. ತಲೆ ತಗ್ಗಿಸಿ, ಬರಬೇಕಾದ ಮಾತಿಗೆ ಕಾದು ನಿಂತಳು. ಇಡೀ ತರಗತಿ ಕಾಯಿತು.

ಗಂಟಲವರೆಗೆ ಬಂದ ಗಿಟುಕನ್ನು ಅನಂತರಾಜು ನುಂಗಿಕೊಂಡರು. "ಪರವಾಗಿಲ್ಲಮ್ಮ. ಚೆನ್ನಾಗೇ ಮಾಡಿದೀಯ. ಹೋಗಿ ಕೂತ್ಕೋ" ಎಂದು ಮತ್ತೆ ನಕ್ಕರು.

ಅಂಬ್ರೀನ್ ಕೈಯಿಂದ ಸೀಮೆಸುಣ್ಣ ಜಾರಿತು. ಕೂರುವ ಮೊದಲೇ ಅವಳ ಕಣ್ಣು ತುಂಬಿತ್ತು. ಹಿಂದಿನ ಬೆಂಚಿನ ಇಬ್ಬರು ಹೊಟ್ಟೆನೋವೆಂದು ಹೊರಗೆ ಹೋದರು. ನಾಲ್ಕನೇ ಲೆಕ್ಕಕ್ಕೆ ಒಬ್ಬರೂ ಕೈ ಎತ್ತಲಿಲ್ಲ. ಮೇಷ್ಟ್ರು ಇನ್ನಷ್ಟು ಮೃದುವಾದರು, ಮಕ್ಕಳು ಇನ್ನಷ್ಟು ಬೆವತರು. ಬೆಲ್ ಹೊಡೆದಾಗ ಎರಡು ಕಡೆಯವರಿಗೂ ಹೋದ ಜೀವ ಬಂದ ಹಾಗಾಯಿತು.

ಊಟದ ಹೊತ್ತಿಗೆ ಹರ್ಷಿತಾ ಬಂದು ಪಟ್ಟಿಗಳನ್ನೆಲ್ಲ ಬಿಚ್ಚಿಕೊಂಡು ಹೋದಳು. ಅಷ್ಟರಲ್ಲಿ ಶಾಲೆಯಲ್ಲಿ ಸುದ್ದಿ ಮೂರು ಬಗೆಯಾಗಿತ್ತು. ಲೆಕ್ಕದ ಮೇಷ್ಟ್ರಿಗೆ ತುಮಕೂರಿನ ಡಾಕ್ಟರು ಏನೋ ಕೆಟ್ಟದ್ದು ಹೇಳಿದ್ದಾರೆ ಎಂಬುದು ಒಂದು. ಅವರು ಕೆಲಸ ಬಿಡುತ್ತಾರೆ ಎಂಬುದು ಇನ್ನೊಂದು. ಮೂರನೆಯದು ಅಂಬ್ರೀನ್ ಊಟಕ್ಕೆಂದು ಅಪ್ಪನ ಅಂಗಡಿಗೆ ಹೋಗಿ ಅಳುತ್ತಾ ಹೇಳಿದ್ದು. ಹಬೀಬ್ ಸಾಬರು ಕೊರಳಿನ ಅಳತೆ ಟೇಪನ್ನೂ ತೆಗೆಯದೆ ನೇರವಾಗಿ ಸ್ಟಾಫ್‌ರೂಮಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ ನಿಂತರು.

"ಮೇಷ್ಟ್ರೇ, ನಮ್ ಅಬ್ಬಾ ಆಸ್ಪತ್ರೇಲಿದ್ದಾಗ ಡಾಕ್ಟ್ರು ಹದಿನೈದು ದಿನ ಬೈದ್ರು. ಬೀಡಿ ಬಿಡು, ಉಪ್ಪು ಬಿಡು ಅಂತ. ಹದಿನಾರನೇ ದಿನ ಬೈಲಿಲ್ಲ. ಪರವಾಗಿಲ್ಲ, ಏನ್ ಬೇಕೋ ತಿನ್ಲಿ ಅಂದ್ರು. ನಂಗೆ ಅವತ್ತೇ ಗೊತ್ತಾಯ್ತು." ಅವರು ಕೊರಳಿನ ಟೇಪು ಹಿಡಿದುಕೊಂಡು ಕೇಳಿದರು. "ಈಗ ನಮ್ ಹುಡುಗಿಗೆ ಪರವಾಗಿಲ್ಲ ಅಂದ್ರಂತೆ. ಅವಳ ಕೇಸು ಮುಗೀತಾ? ನೇರವಾಗಿ ಹೇಳ್ಬಿಡಿ, ನಾನ್ ತಡ್ಕೋತೀನಿ."

ಅನಂತರಾಜು ಕುರ್ಚಿಯಿಂದ ಎದ್ದರು. ಅವಳು ಎಂಬತ್ತು ತೆಗೆಯುವ ಹುಡುಗಿ ಎಂದರು. ಸಾಬರು ನಂಬಲಿಲ್ಲ. ಬುದ್ಧಿವಂತೆ ಎಂದರು. ಸಾಬರ ಮುಖ ಇನ್ನೂ ಕಪ್ಪಿಟ್ಟಿತು. ಒಳ್ಳೆಯ ಮಾತು ಜಾಸ್ತಿಯಾದಷ್ಟೂ ಅವರಿಗೆ ಅಬ್ಬಾನ ಆಸ್ಪತ್ರೆ ಮಂಚವೇ ಕಾಣುತ್ತಿತ್ತು. ಆ ಅಪ್ಪನ ಕಣ್ಣಂಚಿನ ನೀರು ನೋಡಲಾರದೆ ಮೇಷ್ಟ್ರು ಕೊನೆಗೆ ಬಾಯಿಬಿಟ್ಟರು.

"ಸಾಬ್ರೇ, ನಿಮ್ ಮಗಳ ತಲೇಲಿ ಇರೋದು ಶುದ್ಧ ಗಿಟುಕು. ಮೈನಸ್ ಎಲ್ಲಿ ಹಾಕ್ಬೇಕು ಅನ್ನೋ ಜ್ಞಾನ ಇಲ್ಲ. ಪರೀಕ್ಷೆವರೆಗೂ ದಿನಾ ಬೈತೀನಿ, ಸಾಕಾ?"

ಹಬೀಬ್ ಸಾಬರು ಆಗ ಉಸಿರು ಬಿಟ್ಟರು. ಎರಡೂ ಕೈಗಳಿಂದ ಮೇಷ್ಟ್ರ ಕೈ ಹಿಡಿದು, ಇಷ್ಟು ಸಾಕು, ಇನ್ನು ಅವಳು ಪಾಸಾಗುತ್ತಾಳೆ ಎಂದು ಹೊರಟರು. ಅವರ ಹಿಂದೆ ಬಾಗಿಲಲ್ಲಿ ಹೆಡ್‌ಮಾಸ್ಟರ್ ಶಿವರಾಮಯ್ಯನವರು ನಿಂತಿದ್ದರು. ಅವರಿಗೆ ಕೇಳಿಸಿದ್ದು ಗಿಟುಕು ಮಾತ್ರ.

ಹೆತ್ತವರ ಎದುರಿಗೇ ಹೀಗೆ ಮಾತಾಡುವವರು ಮಕ್ಕಳ ಹತ್ತಿರ ಇನ್ನು ಹೇಗೆ ಮಾತಾಡಬಹುದು ಎಂದು ಶಿವರಾಮಯ್ಯನವರು ಕೇಳಿದರು. ಬೆಳಗ್ಗೆಯಿಂದ ಹತ್ತನೇ ಕ್ಲಾಸಿನ ಆರು ಮಕ್ಕಳು ತಲೆನೋವೆಂದು ತಮ್ಮ ಕೋಣೆಗೆ ಬಂದದ್ದನ್ನೂ ಹೇಳಿದರು. ಉತ್ತರಕ್ಕೆ ಕಾಯಲಿಲ್ಲ. "ಮೂರೂವರೆಗೆ ರಿಪೋರ್ಟು ಬರಲಿ ರಾಜು, ಆಮೇಲೆ ನೋಡೋಣ" ಎಂದು ಹೋದರು. ಅನಂತರಾಜುವಿನ ಊಟದ ಡಬ್ಬಿ ಅವತ್ತು ಮುಚ್ಚಿದ ಹಾಗೇ ಉಳಿಯಿತು.

ಮೂರೂವರೆಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಮೇಷ್ಟ್ರುಗಳೆಲ್ಲ ಸೇರಿದರು. ಹರ್ಷಿತಾ ಗೋಡೆಯ ಮೇಲೆ ಒಂದು ಗೆರೆ ಮೂಡಿಸಿದಳು. ಬೆಟ್ಟದ ಸಾಲಿನಂತೆ ಏರಿಳಿಯುವ ಗೆರೆ. ಏರಿದ ಕಡೆ ಮಕ್ಕಳಿಗೆ ಟೆನ್ಷನ್ ಹೆಚ್ಚು. ಮೂರು ತಿಂಗಳ ಸರಾಸರಿಯಲ್ಲಿ ಅತಿ ಎತ್ತರದ ತುದಿ ವಿಜ್ಞಾನದ ಪೀರಿಯಡ್ಡಿನದು ಎಂದಳು. ಮಲ್ಲಿಕಾರ್ಜುನ್ ಅತ್ತಿತ್ತ ನೋಡಿದರು. ಸಾರ್ ಜೋಕು ಹೇಳುತ್ತಾ ಹೇಳುತ್ತಾ ನಡುವೆ ಯಾವಾಗ ಯಾರನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಾರೋ ಮಕ್ಕಳಿಗೆ ತಿಳಿಯುವುದಿಲ್ಲ, ಅದಕ್ಕೇ ನಗುತ್ತಲೇ ಬೆವರುತ್ತಾರೆ ಎಂದು ಅವಳು ವಿನಯದಿಂದ ವಿವರಿಸಿದಳು.

ಅತ್ಯಂತ ಕೆಳಗಿನ, ಕೆರೆಯ ನೀರಿನಷ್ಟು ಮಟ್ಟಸವಾದ ಗೆರೆ ಗಣಿತದ್ದಾಗಿತ್ತು.

"ಮೊದಲು ನಾನೇ ನಂಬಲಿಲ್ಲ ಸಾರ್. ಮಕ್ಕಳನ್ನ ಕೇಳ್ದೆ. ದಿನಾ ಮೂರನೇ ಲೆಕ್ಕಕ್ಕೆ ಗಿಟುಕು ಅಂತಾರೆ, ಬೈದಾಯ್ತಲ್ಲ, ಇನ್ನೇನ್ ಭಯ ಮೇಡಂ ಅಂದ್ರು. ನೋಡಿ, ಬೈದ ತಕ್ಷಣ ನಾಡಿ ಇಳಿಯುತ್ತೆ. ಆಮೇಲೆ ಸಾರ್ ಅದೇ ಲೆಕ್ಕನ ಮತ್ತೆ ಮೊದಲಿಂದ ಹೇಳ್ಕೊಡ್ತಾರಲ್ಲ, ಶುಕ್ರವಾರದ ಟೆಸ್ಟಲ್ಲಿ ಮಕ್ಕಳು ಸರಿಯಾಗಿ ಬರೆಯೋದು ಅದನ್ನೇ. ಬೈಗುಳ ಭಯ ಅಲ್ಲ. ಯಾವಾಗ ಬರುತ್ತೋ ಗೊತ್ತಿಲ್ದೇ ಇರೋದು ಭಯ."

ಆಮೇಲೆ ಅವಳು ಕೊನೆಯ ತುದಿಯೊಂದನ್ನು ತೋರಿಸಿದಳು. ಇದು ಇವತ್ತಿನದು, ಇದೂ ಗಣಿತದ ಪೀರಿಯಡ್ಡೇ, ಆದರೆ ಮೂರು ತಿಂಗಳಲ್ಲಿ ಇಷ್ಟು ಎತ್ತರ ಎಲ್ಲೂ ಹೋಗಿಲ್ಲ. ಇವತ್ತು ತರಗತಿಯಲ್ಲಿ ಏನಾದರೂ ಅವಘಡವಾಯಿತೇ ಎಂದು ಕೇಳಿದಳು.

"ಸಾರ್ ನಕ್ಕಿದ್ರು" ಎಂದರು ಮಲ್ಲಿಕಾರ್ಜುನ್, ನೆಲ ನೋಡುತ್ತಾ.

ಹರ್ಷಿತಾ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ಒಂದು ದಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದಳು. ಅನಂತರಾಜು ಕುರ್ಚಿಯ ಹಿಡಿ ಬಿಟ್ಟರು. ಬೆಳಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಕಣ್ಣು ಮಂಜಾಯಿತು. ಹತ್ತನೇ ಕ್ಲಾಸು ಉಳಿಯಿತು ಎಂಬುದು ಬಿಟ್ಟರೆ ಬೇರೇನೂ ಆ ಹೊತ್ತಿಗೆ ಅವರ ತಲೆಯಲ್ಲಿರಲಿಲ್ಲ.

ಶಿವರಾಮಯ್ಯನವರು ಎದ್ದುನಿಂತು ಕೈಕುಲುಕಿದರು. ಮಧ್ಯಾಹ್ನದ ಮಾತಿಗೆ ಕ್ಷಮೆಯನ್ನೂ ಕೇಳಿದರು. ಅವರು ಒಳ್ಳೆಯ ಮನುಷ್ಯರು. ಕಷ್ಟವೆಂದರೆ ಒಳ್ಳೆಯದು ಕಂಡ ಕೂಡಲೇ ಅದಕ್ಕೆ ಏನಾದರೂ ಮಾಡದೆ ಬಿಡುತ್ತಿರಲಿಲ್ಲ.

"ರಾಜು, ನಿಮ್ಮಂಥೋರನ್ನ ಒಂದೇ ಕ್ಲಾಸಿಗೆ ಕಟ್ಟಾಕಿದ್ದು ನನ್ನ ತಪ್ಪು. ಸೋಮವಾರದಿಂದ ನೀವು ಇಡೀ ಶಾಲೆಗೆ ಸಮಾಧಾನದ ಮೇಷ್ಟ್ರು. ಯಾವ ಕ್ಲಾಸಲ್ಲಿ ಟೆನ್ಷನ್ ಇದ್ಯೋ ಅಲ್ಲಿಗೆ ಹೋಗಿ. ಪಾಠದ ತಾಪತ್ರಯವೇ ಬೇಡ."

ಹತ್ತನೇ ಕ್ಲಾಸಿನ ಲೆಕ್ಕ ಯಾರಿಗೆ ಎಂದು ಅನಂತರಾಜು ಕೇಳಿದರು. ಮಲ್ಲಿಕಾರ್ಜುನ್‌ಗೆ, ಎಂದರು ಹೆಡ್‌ಮಾಸ್ಟರು. ಮಲ್ಲಿಕಾರ್ಜುನ್ ಕೂಡ ಬಿಎಸ್ಸಿಯಲ್ಲಿ ಗಣಿತ ಓದಿದವರು. ಲೆಕ್ಕವೇ ತಣ್ಣನೆಯ ಸಬ್ಜೆಕ್ಟು ಎಂದು ಮಿಷನ್ನೇ ಹೇಳಿದ ಮೇಲೆ, ಟೆನ್ಷನ್ ಕೊಡುವವರಿಗೆ ಅದನ್ನೇ ಕೊಡುವುದು ನ್ಯಾಯ.

ಹರ್ಷಿತಾ ಗಾಬರಿಯಿಂದ ಎದ್ದಳು. ತಣ್ಣಗಿರುವುದು ಲೆಕ್ಕವಲ್ಲ, ಹೇಳಿಕೊಡುವ ಮನುಷ್ಯ ಎಂದಳು. ಅದಕ್ಕೇ ತಾನೇ ಆ ಮನುಷ್ಯನನ್ನು ಎಲ್ಲ ಕ್ಲಾಸಿಗೂ ಹಂಚಿದ್ದು ಎಂದು ಶಿವರಾಮಯ್ಯನವರು ನಕ್ಕರು. ಅಂಕಿ ಅಂಶದ ಎದುರು ಅನಂತರಾಜು ಏನು ಹೇಳಿಯಾರು? ಇಪ್ಪತ್ತೆರಡು ವರ್ಷ ಮಕ್ಕಳಿಗೆ ಲೆಕ್ಕವನ್ನು ನಂಬಿ ಎಂದು ಹೇಳಿಕೊಟ್ಟವರೂ ಅವರೇ.

ಮೀಟಿಂಗು ಮುಗಿದು ಕಾಲುಗಂಟೆಯೂ ಆಗಿರಲಿಲ್ಲ. ಸುದ್ದಿ ಮಲ್ಲಿಕಾರ್ಜುನ್‌ಗಿಂತ ಮೊದಲೇ ಹೊರಗೆ ಹೋಗಿತ್ತೋ, ಅವರ ಬಾಯಿಂದಲೇ ಹೋಯಿತೋ, ಯಾರೂ ವಿಚಾರಿಸಲಿಲ್ಲ. ಅನಂತರಾಜು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದರು. ಶಿವರಾಮಯ್ಯನವರು ವರಾಂಡದಲ್ಲಿ ಬಿರಬಿರನೆ ಬಂದು ಅವರ ತೋಳು ಹಿಡಿದರು.

"ಸೋಮವಾರದವರೆಗೂ ಕಾಯೋದು ಬೇಡ ರಾಜು, ಈಗ್ಲೇ ಡ್ಯೂಟಿ ಶುರು ಮಾಡ್ಬಿಡಿ. ಲೆಕ್ಕದ ಮೇಷ್ಟ್ರು ಬದಲಾದ್ರು ಅಂತ ಹತ್ತನೇ ಕ್ಲಾಸಿನ ಮಕ್ಕಳೆಲ್ಲಾ ಮನೆಗೂ ಹೋಗ್ದೆ ಅಳ್ತಾ ಕೂತವೆ. ಹೋಗಿ ಸಮಾಧಾನ ಮಾಡಿ."