ಪುಟದಲ್ಲಿ ಬೆರಳಿಟ್ಟ ಮಾಮಾ

ನಮ್ಮ ಮಾಮಾ ಇದುವರೆಗೆ ಒಂದೇ ಒಂದು ನಿರ್ಧಾರವನ್ನೂ ಪೂರ್ತಿಯಾಗಿ ತೆಗೆದುಕೊಂಡಿಲ್ಲ ಎಂದು ನಾನು ಯಾವ ಗುಡಿಯ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಅರ್ಧ ತೆಗೆದುಕೊಳ್ಳುತ್ತಾನೆ. ಉಳಿದ ಅರ್ಧದಲ್ಲಿ ಬೆರಳಿಟ್ಟುಕೊಂಡು ಕೂತಿರುತ್ತಾನೆ. ಮಾತಿಗೆ ಹೇಳಿದ್ದಲ್ಲ, ನಿಜವಾದ ಬೆರಳು! (ಏಕವಚನಕ್ಕೆ ಕ್ಷಮಿಸಿ. ಅಮ್ಮನ ಕಿರಿಯ ತಮ್ಮ, ನನಗಿಂತ ಹತ್ತೇ ವರ್ಷ ದೊಡ್ಡವನು. ಬಹುವಚನ ಹಚ್ಚಿದರೆ ಅವನೇ ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಾನೆ.)

ಮೊನ್ನೆ ಬೀದರಿನ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಮೆನು ಕಾರ್ಡಿನಲ್ಲಿ ಇಡ್ಲಿಯ ಮೇಲೆ ತೋರುಬೆರಳು, ಪೂರಿಯ ಮೇಲೆ ನಡುಬೆರಳು, ಮಂಡಕ್ಕಿ ಸುಸಲಾದ ಮೇಲೆ ಕಿರುಬೆರಳು. “ಇಡ್ಲಿ ತಗೊಂಬಾ” ಎಂದ. ಇಡ್ಲಿ ಬಂತು, ಎರಡರಲ್ಲಿ ಒಂದು ಹೊಟ್ಟೆಗೂ ಹೋಯಿತು. ಪೂರಿಯ ಮೇಲಿನ ಬೆರಳು ಮಾತ್ರ ಏಳಲಿಲ್ಲ. ಸಪ್ಲಾಯರ್ ಎರಡು ಸಲ ಬಂದು ನೋಡಿ ಹೋದ. ಮೂರನೆಯ ಸಲ ತಡೆಯಲಾರದೆ ಬಾಯಿ ಬಿಟ್ಟ.

“ಸಾಹೇಬ್ರ, ಬೆರಳ ತೆಗೀರಿ. ಬಾಜೂ ಟೇಬಲ್ಲಿಗಿ ಕಾರ್ಡ್ ಬೇಕಾಗ್ಯದ.”

“ತಡಿಯಪ್ಪ. ಇದು ಸರಿ ಬರ್ಲಿಲ್ಲಂದ್ರ ವಾಪಸ್ ಹೋಗ್ಬೇಕಲ್ಲ!”

ತಿಂದ ಇಡ್ಲಿಯಿಂದ ವಾಪಸ್ ಹೋಗುವುದು ಹೇಗೆಂದು ನನ್ನನ್ನು ಕೇಳಬೇಡಿ.

ಈ ಚಟ ಹತ್ತಿದ್ದು ಒಂದು ಪುಸ್ತಕದಿಂದ. ಆಗ ನನಗೆ ಎಂಟು ವರ್ಷ. ಆ ವರ್ಷವೇ ಅಪ್ಪ ತೀರಿಕೊಂಡಿದ್ದ. ಬೆಳಿಗ್ಗೆ ಕೆಲಸಕ್ಕೆಂದು ಹೋದವನು ಸಂಜೆ ಮನೆಗೆ ಬರಲಿಲ್ಲ, ಅಷ್ಟೇ ನನಗೆ ಗೊತ್ತಿದ್ದದ್ದು. ಅಮ್ಮ ನನ್ನನ್ನು ಕರೆದುಕೊಂಡು ಭಾಲ್ಕಿಯ ತವರಿಗೆ ಬಂದಿದ್ದಳು. ಬೀದರಿನಲ್ಲಿ ಓದುತ್ತಿದ್ದ ಮಾಮಾ ಬೇಸಿಗೆ ರಜೆಗೆ ಬರುವಾಗ ಚೌಬಾರಾ ಹತ್ತಿರದ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದ. ಹೊದಿಕೆಯೇ ಇರಲಿಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವಂತೆಯೂ ಇರಲಿಲ್ಲ. ಓದುವವನೇ ಕಥೆಯ ವೀರ! ಗುಹೆಯ ಬಾಗಿಲಿಗೆ ಬಂದು ನಿಂತಿದ್ದೀರಿ. ಎಡಕ್ಕೆ ಹೋಗುವುದಾದರೆ ನಲವತ್ತೇಳನೆಯ ಪುಟ ತೆಗೆಯಿರಿ, ಬಲಕ್ಕಾದರೆ ನೂರಾ ಹನ್ನೆರಡು. ಮುಂದೆ ಮತ್ತೆ ಎರಡು ದಾರಿ, ಮತ್ತೆರಡು ಪುಟ. ಹೀಗೆ ಹಾರುತ್ತಾ ಹಾರುತ್ತಾ ಗುಹೆಯೊಳಗಿನ ಬಂಗಾರ ತಲುಪಬೇಕು.

ಮಾಮಾ ಇಂಗ್ಲಿಷಿನಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ದಾರಿ ಆರಿಸುವ ಅಧಿಕಾರ ನನ್ನದು.

“ಎಡಕ್ಕೋ, ಬಲಕ್ಕೋ? ಲಗೂ ಹೇಳು, ಹಿಂದಿಂದ ರಾಕ್ಷಸ ಬರ್ಲಿಕ್ಕತ್ತಾನ!”

“ಎಡಕ್ಕ!”

ಆಗ ಅವನು ಇದ್ದ ಪುಟದಲ್ಲಿ ಒಂದು ಬೆರಳಿಟ್ಟು, ಹೊಸ ಪುಟ ತೆಗೆದು, ತನ್ನಷ್ಟಕ್ಕೆ ಓದಿಕೊಂಡು, ಒಂದು ಸಲ ಕೆಮ್ಮುತ್ತಿದ್ದ. “ಇಲ್ಲೇನೂ ಇಲ್ಲ. ದಾರಿ ಬಂದ್ ಅದ. ವಾಪಸ್ ನಡಿ.” ಬೆರಳಿದ್ದ ಪುಟಕ್ಕೆ ಮರಳುತ್ತಿದ್ದೆವು. ನಾನು ಆರಿಸಿದ ದಾರಿಗಳಲ್ಲಿ ಮುಕ್ಕಾಲು ಪಾಲು ಬಂದ್! ಆ ಗುಹೆ ಕಟ್ಟಿದ ಗೌಂಡಿಗೆ ಕೆಲಸವೇ ಬರುತ್ತಿರಲಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ರಾಕ್ಷಸರ ಜೊತೆ ಕಾದಾಡಲು ಎರಡು ದಾಳ ಬೇಕು ಎಂದಿತ್ತು ಪುಸ್ತಕ. ಭಾಲ್ಕಿಯ ಮನೆಯಲ್ಲಿ ದಾಳ ಎಲ್ಲಿಂದ ಬರಬೇಕು? ಮಾಮಾ ಅಜ್ಜಿಯ ದೇವರ ಮಾಡದಿಂದ ಕವಡೆ ಎಗರಿಸಿದ. ಅಜ್ಜಿ ಪಡಸಾಲೆಗೆ ಬಂದು ನೋಡಿದರೆ ಕವಡೆ ಉರುಳುತ್ತಿವೆ, ಮೊಮ್ಮಗಳು “ಹೊಡಿ, ಹೊಡಿ!” ಎಂದು ಕುಣಿಯುತ್ತಿದ್ದಾಳೆ.

“ದೇವರ ಕವಡಿ ತಗೊಂಡು ಏನ್ ಮಾಡ್ಲಿಕ್ಕತ್ತೀಯೋ?”

“ರಾಕ್ಷಸನ್ನ ಹೊಡಿಲಿಕ್ಕತ್ತೀವಿ, ಅವ್ವಾ.”

ಅಜ್ಜಿ ಉರುಳಿ ಬಂದ ಒಂದು ಕವಡೆಯನ್ನು ನಮ್ಮತ್ತ ತಳ್ಳಿದಳು. “ಹಂಗಿದ್ರ ಹೊಡೀರಿ. ಆದ್ರ ಎಣಿಸಿ ವಾಪಸ್ ಇಡ್ರಿ.”

ಗುಹೆಯ ನಡುವಿಗೆ ಬರುವಷ್ಟರಲ್ಲಿ ಮಾಮಾನ ಎಡಗೈಯ ಐದೂ ಬೆರಳು ಐದು ಪುಟಗಳಲ್ಲಿ ಸಿಕ್ಕಿಕೊಂಡಿರುತ್ತಿದ್ದವು. “ಪೋರಿ, ನಿನ್ನ ಬೆರಳ ಕೊಡ ಇಲ್ಲಿ” ಎನ್ನುತ್ತಿದ್ದ. ನಾನು ನೂರಾ ಹನ್ನೆರಡರಲ್ಲಿ ಬೆರಳಿಟ್ಟು ಮಧ್ಯಾಹ್ನವೆಲ್ಲ ಕೂತದ್ದುಂಟು. ಮೂಗಿನ ಮೇಲೆ ನೊಣ ಕೂತರೂ ತೆಗೆಯಲಿಲ್ಲ. ವೀರನ ಪ್ರಾಣ ನನ್ನ ಬೆರಳಿನಲ್ಲಿತ್ತಲ್ಲ!

ಬಂಗಾರದ ಮೇಲೆ ನನಗೆ ಆಸೆಯಿರಲಿಲ್ಲ. ದಿನವೂ ಪುಸ್ತಕ ಮುಚ್ಚುವಾಗ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಮಾಮಾ, ಅವ ಮನಿಗಿ ಬರ್ತಾನಿಲ್ಲೋ?”

“ಬರ್ತಾನ. ಬರದೆ ಎಲ್ಲಿಗಿ ಹೋಗ್ತಾನ?”

ರಜೆ ಮುಗಿಯುವ ದಿನ ವೀರ ಮನೆಗೆ ಬಂದೇಬಿಟ್ಟ. ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದು, ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ಎಂದು ಮಾಮಾ ಕೊನೆಯ ಪುಟ ಓದಿದ. ಆ ದೇಶದಲ್ಲಿ ಪುಂಡಿಪಲ್ಯ ಬೆಳೆಯುತ್ತದೆಯೇ ಎಂದು ನನಗೆ ಅನುಮಾನ ಬರಲಿಲ್ಲ. ಅಂದು ನಾನೂ ಎರಡು ರೊಟ್ಟಿ ತಿಂದೆನಂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಪುಸ್ತಕ ಮುಗಿಯಿತು, ಮಾಮಾನ ಬೆರಳು ಮಾತ್ರ ಹೊರಗೆ ಬರಲಿಲ್ಲ. ಔರಾದಿನ ದನದ ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಒಂದು ದಿನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಔರಾದ್ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ಅಲ್ಲಿಗೆ ಬಿಡಬೇಕೋ ಬೇಡವೋ? ಬೀದರಿಗೆ ಹೋಗಿ ಅಲ್ಲಿಂದಲೂ ಔರಾದಿಗೆ ಹೋಗಬಹುದಲ್ಲ ಎಂದು ಬೀದರ್ ಬಸ್ಸಿನ ಕಿಟಕಿಯೊಳಗೆ ಕೊಡೆ ತುರುಕಿದ. ಯಾವುದು ಮೊದಲು ಹೊರಡುತ್ತದೋ ನೋಡೋಣ ಎಂದು ನಡುವೆ ನಿಂತು ಚಹಾ ತೆಗೆದುಕೊಂಡ. ಎರಡೂ ಒಟ್ಟಿಗೇ ಹೊರಟವು! ಬಿಸಿ ಚಹಾ ಹಿಡಿದು ಎತ್ತ ಓಡಬೇಕು? ಅಂದು ಟವೆಲ್ ಔರಾದ್ ಸೇರಿತು, ಕೊಡೆ ಬೀದರ್ ಸೇರಿತು, ಮಾಮಾ ಭಾಲ್ಕಿಯಲ್ಲೇ ಉಳಿದ.

ಹೆಣ್ಣು ನೋಡಲು ಮೆಹಕರಕ್ಕೆ ಹೋದಾಗಲೂ ಇದೇ ಕಥೆ. ಹುಡುಗಿ ಒಪ್ಪಿಗೆ ಎಂದ. ಹಿರಿಯರು ಸಕ್ಕರೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಅಜ್ಜಿಯ ಕಿವಿಯಲ್ಲಿ, ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದ. “ಬಗದಲ್‌ನ ಹೆಣ್ಣಿನವರಿಗಿ ಇನ್ನಾ ಇಲ್ಲಂತ ಹೇಳಿಲ್ಲ. ಅದೂ ಹಂಗೇ ಇರ್ಲಿ.”

ಒಳಗಿನಿಂದ ಹುಡುಗಿಯೇ ಹೊರಗೆ ಬಂದಳು. “ನನ್ನ ಬಾಜೂಕ ಬಗದಲ್‌ನಾಕಿನ್ನೂ ಕೂಡ್ಸಬೇಕೇನ್ರಿ?” ಎಂದು ಕೇಳಿದವಳು ಪೋಸ್ಟ್ ಕಾರ್ಡ್ ತರಿಸಿ, ಬಗದಲ್‌ಗೆ ‘ಕ್ಷಮಿಸಬೇಕು’ ಎಂದು ತಾನೇ ಬರೆದು, ಕೆಳಗೆ ಇವನ ಸಹಿ ಹಾಕಿಸಿಕೊಂಡಳು! ನಮ್ಮ ಅತ್ತೆ ಮಾಮಾನ ಪರವಾಗಿ ತೆಗೆದುಕೊಂಡ ಮೊದಲ ನಿರ್ಧಾರ ಅದು. ಮಿಕ್ಕವನ್ನೂ ಅವಳೇ ತೆಗೆದುಕೊಂಡಿದ್ದಾಳೆ.

ಕಳೆದ ಭಾನುವಾರ ಇಬ್ಬರೂ ಬೀದರಿನ ನಮ್ಮ ಮನೆಗೆ ಬಂದಿದ್ದರು. ನನ್ನ ಬಾಯಲ್ಲಿ ಗುಹೆಯ ಕಥೆ ಕೇಳಿದ್ದ ಏಳನೆಯ ತರಗತಿಯ ನನ್ನ ಮಗಳು ಆ ಪುಸ್ತಕವೇ ಈಗ ಮೊಬೈಲ್ ಆಟವಾಗಿ ಬಂದಿದೆಯೆಂದು ಹುಡುಕಿ ಹಾಕಿಕೊಂಡಿದ್ದಳು. ಸುದ್ದಿ ಕೇಳಿದ ಮಾಮಾ ಹಳೆಯ ಪುಸ್ತಕವನ್ನೂ ಪೇಪರಿನಲ್ಲಿ ಸುತ್ತಿ ತಂದಿದ್ದ. ಅದೇ ಗುಹೆ, ಅದೇ ರಾಕ್ಷಸ, ಮೇಲೆ ಢಮಢಮ ಸಂಗೀತ! ಮಾಮಾ ಕನ್ನಡಕ ಒರೆಸಿಕೊಂಡು ಕೂತ. ಅಭ್ಯಾಸಬಲ ನೋಡಿ, ಜಾಗ ಹಿಡಿದಿರಲಿ ಎಂದು ಪರದೆಯ ಮೂಲೆಗೆ ಒಂದು ಬೆರಳು ಒತ್ತಿದ. ಅದು ಎಡದ ದಾರಿಯ ಗುಂಡಿ. ವೀರ ಎಡಕ್ಕೆ ನಡೆದ, ಕಾಲು ಜಾರಿದ, ಪರದೆ ಕೆಂಪಾಯಿತು. ‘ನಿನ್ನ ಕಥೆ ಇಲ್ಲಿಗೆ ಮುಗಿಯಿತು’ ಎಂದು ಇಂಗ್ಲಿಷ್ ಅಕ್ಷರಗಳು ಬಂದವು.

“ಇದೇನೋ ಮಾಮಾ? ಎಡಕ್ಕ ದಾರಿ ಬಂದ್ ಇತ್ತಲ್ಲ? ನಮ್ಮ ಪುಸ್ತಕದಾಗ ಅವ ಒಮ್ಮಿನೂ ಸತ್ತಿಲ್ಲ.”

“ಮಮ್ಮಿ, ಇದರಾಗ ಹೆಜ್ಜಿಗೊಮ್ಮಿ ಸಾಯ್ತಾರ!” ಎಂದು ಮಗಳು ನಕ್ಕಳು.

ಮಾಮಾ ನಗಲಿಲ್ಲ. ನಾನು ಪೇಪರು ಬಿಚ್ಚಿ ಪುಸ್ತಕ ತೆಗೆದೆ. ಈಗ ನನಗೂ ಇಂಗ್ಲಿಷ್ ಬರುತ್ತದಲ್ಲ. ನಲವತ್ತೇಳನೆಯ ಪುಟ. ಕಂದಕಕ್ಕೆ ಬಿದ್ದೆ, ಸತ್ತೆ ಎಂದು ಮೂರೇ ಸಾಲು. ನೆನಪಿದ್ದ ಇನ್ನೊಂದು ಪುಟ ತೆಗೆದೆ, ಮತ್ತೊಂದು ತೆಗೆದೆ. ದಾರಿ ಬಂದ್ ಎಂದು ಅವನು ಓದಿದ್ದ ಕಡೆಗಳಲ್ಲೆಲ್ಲ ಸಾವಿತ್ತು. ಕೊನೆಯ ಪುಟದಲ್ಲಿ ವೀರ ಬಂಗಾರದ ರಾಶಿಯ ಮುಂದೆ ನಿಂತಿದ್ದಾನೆ, ಅಲ್ಲಿಗೆ ಮುಗಿಯಿತು. ಮನೆಯ ಸುದ್ದಿಯೇ ಇಲ್ಲ.

“ಮಾಮಾ, ಇವ ಮನಿಗಿ ಬಂದೇ ಇಲ್ಲಲ್ಲೋ.”

ಅವನು ಗೋಡೆ ನೋಡುತ್ತಾ ಹೇಳಿದ. “ಆವಾಗ ನೀ ಎಂಟ ವರ್ಷದಾಕಿ. ಆ ವರ್ಷ ಮನ್ಯಾಗ ಒಬ್ಬರು ಹೋಗಿದ್ದೇ ಸಾಕಾಗಿತ್ತು. ಇವನ್ನೂ ಕಳಿಸ್ಬೇಕಿತ್ತೇನು?”

ಆಗ ಅವನಿಗೆ ಹದಿನೆಂಟು ವರ್ಷ. ಪ್ರತಿ ಪುಟವನ್ನೂ ಮೊದಲು ತಾನೊಬ್ಬನೇ ಓದಿ, ಕೆಮ್ಮಿ, ನನ್ನನ್ನು ಹಿಂದಕ್ಕೆ ಕರೆದುಕೊಂಡು ಬರುತ್ತಿದ್ದ. ಅದಕ್ಕೆ ಬೇಕಾಗಿತ್ತು ಆ ಬೆರಳುಗಳೆಲ್ಲ. ನಾನು ಇಷ್ಟು ವರ್ಷ ನಕ್ಕಿದ್ದೆ. ಅಳು ತಡೆಯಲಾಗಲಿಲ್ಲ.

“ಮತ್ತ ಮೊದಲಿಂದ ಆಡೋಣೇನು, ಅಜ್ಜಾ?” ಎಂದಳು ಮಗಳು. ಮಾಮಾ ಮೊಬೈಲು ಸರಿಸಿ ಪುಸ್ತಕವನ್ನು ತೊಡೆಯ ಮೇಲೆಳೆದುಕೊಂಡ. “ಪೋರಿ, ನಿನ್ನ ಬೆರಳ ಕೊಡ ಇಲ್ಲಿ.”

ಮಗಳು ಕೈ ಮುಂದೆ ಚಾಚಿದಳು.

“ನೀ ಅಲ್ಲವ್ವಾ, ನಿಮ್ಮಮ್ಮ.”

ಕೊಟ್ಟೆ. ಕಣ್ಣೊರೆಸಿಕೊಳ್ಳಲು ನನಗೆ ಇನ್ನೊಂದು ಕೈ ಇತ್ತು.