ಕುರ್ಚಿಯ ಕೆಳಗಿನ ನಲವತ್ತೊಂದು

ತೆಳ್ಳಗಿನ ಲೇಬಲ್ಲಿನ ಬೆಲೆ ಅರ್ಧ ಲೋಟ ಚಹಾ. ಹಿಂಬದಿಗೆ ಸ್ಪಂಜಿನ ಮೆತ್ತೆ ಇರುವ ದಪ್ಪ ಲೇಬಲ್ಲಿನ ಬೆಲೆ ಹೊಟ್ಟೆ ತುಂಬ ಒಂದು ಊಟ. ಅದನ್ನು ಅಂಟಿಸಬೇಕಾದ ಒಂದೊಂದು ಯಂತ್ರದ ಬೆಲೆಯಾದರೋ ಎರಡು ಕೋಣೆಯ ಒಂದು ಮನೆ. ಅಂಥ ಕಂಪ್ಯೂಟರ್ ಯಂತ್ರಗಳು ಆ ಡೇಟಾ ಸೆಂಟರಿನಲ್ಲಿ ಆರುನೂರ ಹನ್ನೆರಡು ಇದ್ದವು. ಯಾವ ಲೇಬಲ್ ತರಿಸೋಣ ಎಂದು ಮ್ಯಾನೇಜರು ಕೇಳಿದಾಗ ಪಟ್ಟಿ ಮಾಸ್ತರು ಕಣ್ಣು ಮಿಟುಕಿಸುವಷ್ಟು ಹೊತ್ತೂ ಯೋಚಿಸಲಿಲ್ಲ.

"ಅಂಟಿಸೋ ಕಾಗದಕ್ಕೆ ಅಷ್ಟೊಂದು ಯಾಕೆ ಸರ್? ತೆಳ್ಳಗಿಂದೇ ಸಾಕು."

"ಸಂಸಾರಸ್ಥ ಅಂದ್ರೆ ನೀವು" ಎಂದು ಮ್ಯಾನೇಜರು ಬೆನ್ನು ತಟ್ಟಿದರು. ತಟ್ಟಿದ ಆ ಕೈ ಕುತ್ತಿಗೆಗೂ ಬರಬಹುದು ಎಂದು ಮಾಸ್ತರಿಗೆ ಹೊಳೆದದ್ದು ಮೂರು ವಾರ ಕಳೆದ ಮೇಲೆ, ತಪಾಸಣೆಯ ದಿನ ಬೆಳಿಗ್ಗೆ.

ಮಾಸ್ತರು ಯಾರಿಗೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಯಂತ್ರಗಳ ಪಟ್ಟಿ ಹಿಡಿದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ತಿಂಗಳಿಗೊಮ್ಮೆ ಪ್ರತಿ ಯಂತ್ರದ ಮುಂದೆ ನಿಂತು ನಂಬರು ಓದಿ ಗುರುತು ಹಾಕಿದವರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಂತ್ರಗಳ ಸಾಲಿನ ಒಂದು ಬದಿಗೆ ತಣ್ಣನೆ ಗಾಳಿ, ಇನ್ನೊಂದು ಬದಿಗೆ ಬಿಸಿ ಗಾಳಿ. ಹೀಗಾಗಿ ಅವರಿಗೆ ವರ್ಷವಿಡೀ ಅರ್ಧ ನೆಗಡಿ, ಅರ್ಧ ಬೆವರು.

ಈಗ ಬಂದದ್ದು ಸ್ಮಾರ್ಟ್ ಲೇಬಲ್. ಕಟ್ಟಡದ ಪ್ರತಿ ಚಾವಣಿಯಲ್ಲೂ ಬಾಗಿಲಲ್ಲೂ ಗೇಟಿನಲ್ಲೂ ಕೂತಿರುವ ರೀಡರುಗಳು ಕರೆಯುತ್ತವೆ, ಲೇಬಲ್ಲು ತನ್ನ ನಂಬರು ಹೇಳುತ್ತದೆ. ಮ್ಯಾನೇಜರರ ಕೋಣೆಯ ಪರದೆಯಲ್ಲಿ ಯಂತ್ರಕ್ಕೊಂದರಂತೆ ಹಸಿರು ಚುಕ್ಕೆ. ಯಂತ್ರ ಜಾಗ ಬಿಟ್ಟು ಕದಲಿದರೆ ಚುಕ್ಕೆ ಕೆಂಪಾಗುತ್ತದೆ. ಬಾಗಿಲು ದಾಟಿದರೆ ಗಂಟೆ ಹೊಡೆಯುತ್ತದೆ. ಲೇಬಲ್ಲುಗಳನ್ನೆಲ್ಲ ಮಾಸ್ತರೇ ಸ್ವಂತ ಕೈಯಿಂದ, ಹಿಂದಿನ ಸಂಜೆಯಷ್ಟೇ, ಅಂಟಿಸಿ ಮುಗಿಸಿದ್ದರು.

"ಹನ್ನೊಂದಕ್ಕೆ ಹೆಡ್ ಆಫೀಸಿಂದ ಮೇಡಂ ಬರ್ತಾರೆ" ಎಂದು ಮ್ಯಾನೇಜರು ಬೆಳಿಗ್ಗೆ ಹೇಳಿದ್ದರು. "ಪರದೆಯಲ್ಲಿ ಆರುನೂರ ಹನ್ನೆರಡು ಕಾಣಬೇಕು. ಕಾಣದೇ ಇದ್ರೆ, ಲೇಬಲ್ ಯಾರು ಆರಿಸಿದ್ದು ಅಂತ ಕೇಳ್ತಾರೆ. ನನಗಂತೂ ಸುಳ್ಳು ಹೇಳೋಕೆ ಬರಲ್ಲ, ಮಾಸ್ತರೆ."

ಒಂಬತ್ತು ಗಂಟೆಗೆ ಮಾಸ್ತರು ಪರದೆ ನೋಡಿದರು. ಐನೂರ ಎಪ್ಪತ್ತೊಂದು.

ಕೈಯಲ್ಲಿ ಹಿಡಿಯುವ ರೀಡರು ತೆಗೆದುಕೊಂಡು ಓಡಿದರು. ಹನ್ನೊಂದು ಸಾಲುಗಳು ಸರಿಯಾಗಿ ಉತ್ತರ ಕೊಟ್ಟವು. ಅವುಗಳ ಮುಖಕ್ಕೆ ಪ್ಲಾಸ್ಟಿಕ್ ಹೊದಿಕೆ ಇತ್ತು. ಕೊನೆಯ ಸಾಲಿನ ನಲವತ್ತೊಂದು ಯಂತ್ರಗಳದ್ದು ಬರೀ ಕಬ್ಬಿಣದ ಮೈ. ಅವು ತುಟಿ ಬಿಚ್ಚಲಿಲ್ಲ. ಮಾಸ್ತರು ಒಂದು ಲೇಬಲ್ಲನ್ನು ಉಗುರಿನಿಂದ ಎಬ್ಬಿಸಿ ಕೈಯಲ್ಲಿ ಹಿಡಿದರೆ ಅದು ತಕ್ಷಣ ಮಾತಾಡಿತು. ಮತ್ತೆ ಕಬ್ಬಿಣಕ್ಕೆ ಅಂಟಿಸಿದರೆ, ಅತ್ತೆ ಒಳಗೆ ಬಂದೊಡನೆ ಫೋನಿಟ್ಟ ಸೊಸೆಯ ಹಾಗೆ ಗಪ್‌ಚುಪ್. ಲೇಬಲ್ಲನ್ನು ಕಬ್ಬಿಣದಿಂದ ದೂರ ಇಡುವ ಆ ಸ್ಪಂಜಿನ ಮೆತ್ತೆ ಯಾಕಿತ್ತು ಎಂಬುದು ಅವರಿಗೆ ಆಗ ಅರ್ಥವಾಯಿತು.

ಪಡಸಾಲೆಗೆ ಬಂದು ಹೆಂಡತಿಗೆ ಫೋನು ಮಾಡಿದರು.

"ಕಬ್ಬಿಣದ ಮೇಲೆ ಇವು ಮಾತಾಡಲ್ಲ ಅಂತ ಹೇಳಿಬಿಡಿ" ಅಂದಳು ಹೆಂಡತಿ. "ಅದರಲ್ಲಿ ಮುಚ್ಚಿಡೋದೇನಿದೆ?"

"ಅಗ್ಗದ್ದು ಆರಿಸಿದ್ದು ನಾನು ಕಣೆ."

"ಅಗ್ಗದ್ದು ಆರಿಸಿದ್ದಕ್ಕೆ ಯಾರನ್ನಾದ್ರೂ ಮನೆಗೆ ಕಳಿಸ್ತಾರಾ? ಹಾಗೆ ಕಳಿಸೋದಾದ್ರೆ ನಾನು ನಿಮ್ಮನ್ನ ಯಾವತ್ತೋ ಕಳಿಸಬೇಕಿತ್ತು. ಇದ್ದದ್ದು ಇದ್ದ ಹಾಗೆ ಹೇಳಿ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಮಾಸ್ತರು ಫೋನಿಟ್ಟರು. ನಿವೃತ್ತಿಗೆ ಇನ್ನೂ ಐದು ವರ್ಷ ಇತ್ತು. ಎಣಿಸುವುದೊಂದು ಬಿಟ್ಟು ಬೇರೇನೂ ಬಾರದ ಐವತ್ಮೂರರ ಮನುಷ್ಯನಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಆ ದಿನ ಸರಿಯಾಗಿ ಅಂಟಿದ್ದು ಅದೊಂದೇ.

ಆಗ ಅವರ ಕಣ್ಣು ಕೊನೆಯ ಸಾಲಿನ ತುದಿಯಲ್ಲಿದ್ದ ತಮ್ಮ ಕುರ್ಚಿಯ ಮೇಲೆ ಬಿತ್ತು. ನೀಲಿ ಪ್ಲಾಸ್ಟಿಕ್ ಕುರ್ಚಿ. ಎಣಿಸಿ ಕಾಲು ಸೋತಾಗ ಕೂತು ಪಟ್ಟಿ ಬರೆಯುವ ಕುರ್ಚಿ. ಅದರಲ್ಲಿ ಗುಂಡುಸೂಜಿಯಷ್ಟೂ ಕಬ್ಬಿಣವಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ನಲವತ್ತೊಂದು ಲೇಬಲ್ಲುಗಳೂ ಯಂತ್ರಗಳನ್ನು ಬಿಟ್ಟು ಕುರ್ಚಿಯ ತಳಕ್ಕೆ ಒತ್ತೊತ್ತಾಗಿ ಅಂಟಿದವು. ಪರದೆಯಲ್ಲಿ ಆರುನೂರ ಹನ್ನೆರಡು. ಕೊನೆಯ ಸಾಲಿನ ಚುಕ್ಕೆಗಳು ದ್ರಾಕ್ಷಿ ಗೊಂಚಲಿನ ಹಾಗೆ ಒಂದೇ ಕಡೆ ಜೋತಿದ್ದವು, ನಿಜ. ಆದರೆ ಸಾಲು ಸರಿಯಿತ್ತು, ಬಣ್ಣ ಹಸಿರಿತ್ತು. ಮಾಸ್ತರು ಬೆರಳಿನ ಅಂಟು ತೊಳೆಯಲು ಹೋದರು.

ತೊಳೆದು ಬಂದಾಗ ಕುರ್ಚಿ ಇರಲಿಲ್ಲ.

ಆಫೀಸಿನ ಕುರ್ಚಿ ಯಾವತ್ತೂ ಇಟ್ಟ ಜಾಗದಲ್ಲಿ ಇರುವುದಿಲ್ಲ ಎಂಬುದು ಅವರಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದ ಸಂಗತಿ. ಭಯದಲ್ಲಿ ಅದೊಂದೇ ಮರೆತಿತ್ತು. ದೂರದಲ್ಲಿ ಗಂಟೆ ಹೊಡೆಯತೊಡಗಿತು. ಜೇಬಿನ ಫೋನು ನಡುಗಿತು.

"ಮಾಸ್ತರೆ" ಎಂದರು ಮ್ಯಾನೇಜರು, ಉಸಿರೇ ಇಲ್ಲದ ದನಿಯಲ್ಲಿ. "ನಲವತ್ತೊಂದು ಯಂತ್ರ ಪಡಸಾಲೆಯಲ್ಲಿ ಹೋಗ್ತಾ ಇವೆ."

"ಹೋಗ್ತಾ ಇವೆಯಾ ಸರ್?"

"ನಡ್ಕೊಂಡು. ಒಟ್ಟಿಗೆ. ಮದುವೆ ದಿಬ್ಬಣದ ಹಾಗೆ."

"ಬಾಗಿಲ ರೀಡರಿಗೆ ಏನೋ ಆಗಿರಬೇಕು. ನೋಡ್ತೀನಿ ಸರ್" ಎಂದು ಮಾಸ್ತರು ಪಡಸಾಲೆಗೆ ಓಡಿದರು. ಅಲ್ಲಿ ಎಲ್ಲರೂ ವೈರಣ್ಣ ಎಂದು ಕರೆಯುವ ಎಲೆಕ್ಟ್ರಿಷಿಯನ್ನು ಟ್ಯೂಬ್‌ಲೈಟು ಬದಲಿಸಿ ಕೈ ಒರೆಸಿಕೊಳ್ಳುತ್ತಿದ್ದ.

"ವೈರಣ್ಣ, ನನ್ನ ಕುರ್ಚಿ?"

"ಒಂದು ನಿಮಿಷ ಹತ್ತಿ ನಿಂತಿದ್ದೆ, ಅದಕ್ಕೂ ಲೆಕ್ಕ ಕೇಳ್ತೀರಾ? ಇಳಿದ ಕೂಡಲೇ ಗೇಟಿನ ಮಾವ ತಗೊಂಡು ಹೋದ. ಅವನಿಗೆ ಮಂಡಿನೋವಂತೆ." ಅವನು ಮಾಸ್ತರ ಮುಖ ನೋಡಿದ. "ಏನಾಯ್ತು ಮಾಸ್ತರೆ, ಸುಣ್ಣ ಬಳಿದ ಹಾಗಿದೀರಿ. ಕುರ್ಚಿಗಾಗಿ ಇಷ್ಟು ಸಂಕಟಪಟ್ಟವರನ್ನ ಚುನಾವಣೇಲಿ ಮಾತ್ರ ನೋಡಿದೀನಿ."

ಗೇಟಿನ ಮಾವ ಎಂದರೆ ಕಾವಲುಗಾರ. ಮಾಸ್ತರು ಗೇಟಿಗೆ ಬಂದಾಗ ಅವನು ಗಂಟೆಯ ಸದ್ದಿಗೆ ಗೇಟು ಜಡಿದು, ಹೊರಗೆ ಹೋಗುವವರ ಊಟದ ಡಬ್ಬಿಗಳನ್ನು ಬಿಚ್ಚಿಸಿ ನೋಡುತ್ತಿದ್ದ. ಒಂದೊಂದು ಯಂತ್ರವೂ ಸೂಟ್‌ಕೇಸಿನಷ್ಟು ದೊಡ್ಡದು.

"ಡಬ್ಬೀಲಿ ಏನು ಹುಡುಕ್ತೀಯ ಮಾವ?"

"ಇವತ್ತು ನಾನು ಯಾರನ್ನೂ ನಂಬಲ್ಲ" ಅಂದ ಮಾವ. "ನಲವತ್ತೊಂದು ಯಂತ್ರ ಗೇಟಿನ ಹತ್ರಾನೇ ಇದ್ದವಂತೆ, ಪರದೆ ಹೇಳಿತಂತೆ. ಸುತ್ತಮುತ್ತ ಹುಡುಕಿದೆ, ಒಂದೂ ಇಲ್ಲ. ನನಗೇ ನನ್ನ ಮೇಲೆ ಅನುಮಾನ ಬಂದುಬಿಟ್ಟಿದೆ."

"ಕುರ್ಚಿ ಎಲ್ಲಿ?"

"ಮ್ಯಾನೇಜರ್ ಸಾಹೇಬರು ಒಂದು ಗಟ್ಟಿ ಕುರ್ಚಿ ಕೇಳಿದ್ರು. ಅವರ ಕೋಣೇಲಿ ಬಂದವರಿಗೆ ಹಾಕೋ ಕುರ್ಚಿಯ ಚಕ್ರ ಕಿತ್ತು ಹೋಗಿದೆಯಂತೆ. ಈಗ ತಾನೇ ಇಟ್ಟು ಬಂದೆ. ಮೇಡಂ ಬೇಗ ಬಂದುಬಿಟ್ರಲ್ಲ."

ಮಾಸ್ತರು ಬಂದ ದಾರಿಯಲ್ಲೇ ವಾಪಸು ಓಡಿದರು.

ಮ್ಯಾನೇಜರರ ಕೋಣೆಯ ಬಾಗಿಲು ತೆರೆದಾಗ ಕಂಡದ್ದನ್ನು ಅವರು ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಕಂಡು ಬೆಚ್ಚಿದ್ದಾರೆ. ಹೆಡ್ ಆಫೀಸಿನ ಮೇಡಂ ನೀಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪರದೆಯನ್ನು ನೋಡುತ್ತಿದ್ದರು. ಪರದೆಯಲ್ಲಿ ನಲವತ್ತೊಂದು ಕೆಂಪು ಚುಕ್ಕೆಗಳು ಇದೇ ಕೋಣೆಯಲ್ಲಿ, ಅವರು ಕೂತಲ್ಲಿಯೇ, ಇರುವೆ ಮುತ್ತಿದ ಬೆಲ್ಲದ ಹಾಗೆ ಗುಂಪಾಗಿದ್ದವು.

"ನಲವತ್ತೊಂದು ಮನೆ ಬೆಲೆಯ ಸಾಮಾನು ಈ ಕೋಣೆಯಲ್ಲಿದೆ ಅಂತ ತೋರಿಸ್ತಿದೆ" ಎಂದರು ಮೇಡಂ, ಶಾಂತವಾಗಿ. "ನನಗೆ ಕಾಣ್ತಿರೋದು ಒಂದು ಮೇಜು, ಒಂದು ಕಪಾಟು, ನೀವು."

ಮ್ಯಾನೇಜರು ಕಪಾಟಿನ ಬಾಗಿಲು ತೆರೆದು ನೋಡಿ ಮುಚ್ಚಿದರು. ಇದು ಮೂರನೇ ಸಲ ಎಂದು ಅವರ ಮುಖವೇ ಹೇಳುತ್ತಿತ್ತು.

"ಮೇಡಂ" ಎಂದರು ಮಾಸ್ತರು. "ದಯವಿಟ್ಟು ನಿಧಾನವಾಗಿ ಏಳಿ. ಆ ಕುರ್ಚಿಯ ಹಿಂದಿನ ಕಾಲು ಬಿರುಕು ಬಿಟ್ಟಿದೆ. ಹೋದ ವಾರ ನಾನೇ ಬಿದ್ದೆ."

ಮೇಡಂ ಎದ್ದರು. ಮಾಸ್ತರು ಮ್ಯಾನೇಜರರ ಕುರ್ಚಿಯನ್ನೇ ಅವರತ್ತ ತಳ್ಳಿ, ನೀಲಿ ಕುರ್ಚಿಯನ್ನು ತಳ ಕಾಣದಂತೆ ಹೊಟ್ಟೆಗೆ ಅವಚಿಕೊಂಡು, "ಬಾಗಿಲ ರೀಡರ್ ಸರಿ ಮಾಡಿ ಐದೇ ನಿಮಿಷದಲ್ಲಿ ಬಂದೆ" ಎಂದು ಹೊರಬಿದ್ದರು. ಪಡಸಾಲೆಯಲ್ಲಿ ಅವರು ಹೆಜ್ಜೆ ಹಾಕಿದಷ್ಟೂ ಪರದೆಯಲ್ಲಿ ನಲವತ್ತೊಂದು ಚುಕ್ಕೆಗಳು ಹೆಜ್ಜೆ ಹಾಕಿದವು. ಕೊನೆಯ ಸಾಲಿನ ತುದಿಗೆ ಕುರ್ಚಿ ಇಟ್ಟದ್ದೇ ಗಂಟೆ ನಿಂತಿತು.

ಅವರು ವಾಪಸು ಬಂದಾಗ ಪರದೆ ಹೊಸ ಗರಿಕೆಯಂತೆ ಹಸಿರಾಗಿತ್ತು. ಆರುನೂರ ಹನ್ನೆರಡು. ಮೇಡಂ ಸಾಲುಗಳನ್ನು ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆಂದು ಹೊರಟರು. ಮಾಸ್ತರು ಅವರ ಹಿಂದೆ, ಉಗುರು ಕಚ್ಚುವ ಬದಲು ಪೆನ್ಸಿಲ್ ಕಚ್ಚುತ್ತ ನಡೆದರು. ಮೂರನೇ ಸಾಲಿಗೆ ಮೇಡಂ ಸೀನಿದರು. ನಾಲ್ಕನೆಯದಕ್ಕೆ ಸೆರಗು ಹೊದ್ದರು. "ಸಾಕು" ಎಂದು ತಿರುಗಿದಾಗ ಮಾಸ್ತರು ಆ ಚಳಿಗೆ ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದರು.

"ಕೊನೆಯ ಸಾಲು ಬರೀ ಕಬ್ಬಿಣದ್ದು, ಅಲ್ವಾ?" ಎಂದು ಕೇಳಿದರು ಮೇಡಂ, ಕೋಣೆಗೆ ಬಂದು ಕೂತು. "ಅದರ ಮೇಲೆ ಈ ತೆಳು ಲೇಬಲ್ಲನ್ನ ಹೇಗೆ ಮಾತಾಡಿಸಿದ್ರಿ?"

"ಚೆನ್ನಾಗಿ ಒರೆಸಿ ಅಂಟಿಸಿದೆ ಮೇಡಂ."

"ಒರೆಸಿ" ಎಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಉಳಿದ ಆರು ಕಟ್ಟಡದಲ್ಲೂ ಇದೇ ಲೇಬಲ್. ಆರೂ ಕಡೆ ಕಬ್ಬಿಣದ ಮೇಲೆ ಸೋತವು. ಯಾರದ್ದೂ ತಪ್ಪಲ್ಲ, ತೆಳ್ಳಗಿಂದು ಸಾಕು ಅಂತ ಒಪ್ಪಿದ್ದು ಹೆಡ್ ಆಫೀಸೇ. ದಪ್ಪದ್ದಕ್ಕೆ ದುಡ್ಡು ಹಾಕೋಕೆ ಅವರು ತಯಾರಿಲ್ಲ. ಹಾಗಾಗಿ ಅಲ್ಲೆಲ್ಲ ಕೈಯಿಂದ ಎಣಿಸೋರನ್ನ ನಿವೃತ್ತಿವರೆಗೂ ಇಟ್ಕೊಳ್ಳೋದು, ಜೊತೆಗೆ ಒಬ್ಬ ಸಹಾಯಕ, ಸ್ವಲ್ಪ ಸಂಬಳ ಜಾಸ್ತಿ ಅಂತ ಆದೇಶ ಆಯ್ತು. ಇದು ನಿಮ್ಮ ಹೆಸರಿಗೆ ಬರೆಸಿ ತಂದಿದ್ದೆ."

ಮಾಸ್ತರು ಕಾಗದದ ಮೇಲೆ ತಮ್ಮ ನಿಜವಾದ ಹೆಸರನ್ನು ತಲೆಕೆಳಗಾಗಿ ಓದಿದರು.

"ಇಲ್ಲಿ ಒಂದೂ ತಪ್ಪದೆ ಎಲ್ಲ ಮಾತಾಡ್ತಿವೆ" ಎಂದು ಮೇಡಂ ಕಾಗದವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಎಣಿಸೋರು ಬೇಕಾಗಲ್ಲ. ನಿಮ್ಮ ಕೆಲಸವನ್ನ ನೀವೇ ಇಷ್ಟು ಚೆನ್ನಾಗಿ ಮುಗಿಸಿಕೊಟ್ಟಿರಿ. ಮೂರು ತಿಂಗಳ ಸಂಬಳ ಕೊಡಿಸ್ತೀನಿ."

ಮಾಸ್ತರು ಬಾಯಿ ತೆರೆದರು. ನಿಜ ಹೇಳಿದರೆ ವಂಚನೆಗೆಂದು ಈ ಕ್ಷಣವೇ ಹೊರಗೆ, ಬರಿಗೈಯಲ್ಲಿ. ಹೇಳದಿದ್ದರೆ ತಿಂಗಳ ಕೊನೆಗೆ ಹೊರಗೆ, ಮೂರು ತಿಂಗಳ ಸಂಬಳದ ಜೊತೆ. ಇಪ್ಪತ್ತೆರಡು ವರ್ಷ ಎಣಿಸಿದ ತಲೆ ಇದನ್ನೂ ಎಣಿಸಿತು. ಬಾಯಿ ಮುಚ್ಚಿದರು.

ತಿಂಗಳ ಕೊನೆಯ ದಿನ ಮ್ಯಾನೇಜರು ಕಣ್ಣು ತೇವ ಮಾಡಿಕೊಂಡರು. "ನಿಮಗೆ ಏನು ಕೊಟ್ರೂ ಕಡಿಮೆ. ಆ ನೀಲಿ ಕುರ್ಚೀನ ಮನೆಗೆ ತಗೊಂಡು ಹೋಗಿ ಮಾಸ್ತರೆ. ಇಷ್ಟು ವರ್ಷ ಕೂತಿದೀರಿ."

ಕುರ್ಚಿ ಗೇಟು ದಾಟಿದರೆ ಏನಾಗುತ್ತದೆಂದು ಗೊತ್ತಿದ್ದ ಮಾಸ್ತರು ಎರಡೂ ಕೈ ಅಡ್ಡ ಹಿಡಿದರು. "ಬೇಡ ಸರ್. ಅದು ಅಲ್ಲೇ ಇರಲಿ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

ಮ್ಯಾನೇಜರು ಅದನ್ನು ನಿಷ್ಠೆ ಎಂದುಕೊಂಡು ಕುರ್ಚಿಯ ಸುತ್ತ ಒಂದು ಹಗ್ಗ ಕಟ್ಟಿಸಿದರು.

ಮೇಡಂ ಬರೆದುಕೊಂಡ "ಒರೆಸಿ" ಹೊಸ ಆದೇಶವಾಯಿತು. ಉಳಿದ ಆರು ಕಟ್ಟಡಗಳಲ್ಲಿ ಎಣಿಸುವವರು ಅದರಂತೆ ಈಗಲೂ ಕಬ್ಬಿಣ ಒರೆಸುತ್ತಿದ್ದಾರೆ. ಲೇಬಲ್ಲು ಮಾತಾಡುವುದಿಲ್ಲ, ಅವರ ಕೆಲಸ ಭದ್ರವಾಗಿದೆ. ಪಟ್ಟಿ ಮಾಸ್ತರ ಕೈತಪ್ಪಿ ಹೋದದ್ದು ಐದು ವರ್ಷದ ಕೆಲಸ, ಒಬ್ಬ ಸಹಾಯಕ ಮತ್ತು ಒಂದು ಕುರ್ಚಿ. ಕೈಗೆ ಬಂದದ್ದು ಮೂರು ತಿಂಗಳ ಸಂಬಳ ಮತ್ತು ಹಲ್ಲಿನ ಗುರುತಿರುವ ಒಂದು ಪೆನ್ಸಿಲ್.